ಭಾವ, ಮೊದಲು ಆ ಫೋಟೋ ತೆಗೆಯಿರಿ

ಭಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ತಿಪಟೂರಿನವರೇ ಎಚ್ಚರ! ಫೋಟೋದಲ್ಲಿರುವವನು ಜೈಲಿಂದ ಬಂದವನು. ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಎಲ್ಲರಿಗೂ ಕಳಿಸಿ.

ಭಾವ: ಮಾವ, ಇವನು ನಿಮ್ಮ ಮಂಡಿಯವನೇ ಅಲ್ವಾ?

ಚಿಕ್ಕಮ್ಮ: ಅಯ್ಯೋ ದೇವರೇ! ಅಣ್ಣ, ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಡು.

ದೊಡ್ಡಮಾವ: ನನಗೂ ಅದೇ ಯೋಚನೆ. ಕೈ ಶುದ್ಧ ಇದೆ, ಸುಳ್ಳು ಹೇಳಬಾರದು. ಆದರೆ ಇದ್ದಕ್ಕಿದ್ದ ಹಾಗೆ ಸುಮ್ನೆ ಕೂತುಬಿಡುತ್ತಾನೆ. ಕರೆದರೆ ಬೆಚ್ಚಿ ಬೀಳುತ್ತಾನೆ. ನಿನ್ನೆ ಸಂಜೆ ಶಟರ್ ಎಳೆದಾಗ ಕೈಯಲ್ಲಿದ್ದ ದಬ್ಬಣ ಕೆಳಗೆ ಬಿತ್ತು. ಅರ್ಧ ಹೊಲಿದ ಚೀಲ ಹಿಡಿದುಕೊಂಡು ನಡುಗುತ್ತಿದ್ದ.

ನಾನು: ಭಾವ, ಮೊದಲು ಆ ಫೋಟೋ ತೆಗೆಯಿರಿ. ಅವನನ್ನು ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅವನಿಗೆ ಶಿಕ್ಷೆ ಆಗಿಲ್ಲ. ಬೋರ್‌ವೆಲ್ ಕೇಬಲ್ ಕಳ್ಳತನ ಅಂತ ಹಿಡಿದರು. ಹನ್ನೊಂದು ತಿಂಗಳು ಒಳಗಿದ್ದ. ಆಮೇಲೆ ಕೋರ್ಟೇ ಬಿಡುಗಡೆ ಮಾಡಿತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ಹೀಗೆ ವಿಚಾರಣೆ ಮುಗಿಯದವರೇ.

ಭಾವ: ಸಾಕ್ಷಿ ಸಿಗಲಿಲ್ಲ ಅಂದರೆ ಕದ್ದಿಲ್ಲ ಅಂತಾನಾ?

ನಾನು: ಕದ್ದವನೇ ಆಗಿದ್ದರೂ ಇದನ್ನೇ ಹೇಳುತ್ತಿದ್ದೆ. ಶಿಕ್ಷೆ ಮುಗಿಸಿ ಬಂದವನಿಗೂ ಕೂಲಿ ಬೇಕು, ಊಟ ಬೇಕು. ಇನ್ನೊಂದು ಮಾತು. ಜಾಮೀನು ಮೂರನೇ ತಿಂಗಳಿಗೇ ಸಿಕ್ಕಿತ್ತು. ಶ್ಯೂರಿಟಿಗೆ ಪಹಣಿ ಇರುವವರು ಬೇಕಿತ್ತು. ಅವನ ಅಮ್ಮ ಊರೆಲ್ಲ ತಿರುಗಿದರು. ನಮ್ಮ ಜಗಲಿ ಮೇಲೂ ಬಂದು ಕೂತಿದ್ದರು ದೊಡ್ಡಮಾವ, ನೆನಪಿದೆಯಾ? ಕಾಫಿ ಕೊಟ್ಟು ಕಳಿಸಿದೆವು. ಉಳಿದ ಎಂಟು ತಿಂಗಳು ಅವನು ಒಳಗಿದ್ದದ್ದು ಅದಕ್ಕೇ.

ಚಿಕ್ಕಮ್ಮ: ಕೇಸಿನ ವಿಷಯ ನಮಗೆ ಯಾಕೆ ಅಂತ ಭಯ ಆಯಿತಮ್ಮ.

ನಾನು: ನನಗೂ ಆಗಿತ್ತು ಚಿಕ್ಕಮ್ಮ. ನಾನೂ ಅವತ್ತು ಬಾಯಿ ಬಿಡಲಿಲ್ಲ. ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ ಅನ್ನೋದನ್ನಾದರೂ ಆ ತಾಯಿಗೆ ಹೇಳಬಹುದಿತ್ತು. 15100ಕ್ಕೆ ಫೋನ್ ಮಾಡಿದ್ದರೆ ಸಾಕಿತ್ತು.

ದೊಡ್ಡಮಾವ: ಅದಿರಲಿ. ಈ ನಡುಕಕ್ಕೆ ಏನು ಮಾಡಲಿ? ಮಂಡಿ ನಡೆಸಬೇಕು ನಾನು.

ನಾನು: ಸಂಜೆ ಆಯಿತು ಅಂದರೆ ಜೈಲಲ್ಲಿ ತಲೆ ಎಣಿಸಿ ಬೀಗ ಹಾಕುತ್ತಾರೆ. ನಿಮ್ಮ ಶಟರ್ ಬೀಳುವುದೂ ಅದೇ ಹೊತ್ತಿಗೆ. ಸದ್ದು ಕೇಳಿದ ತಕ್ಷಣ ಎದೆ ಹೊಡೆದುಕೊಳ್ಳುತ್ತದಂತೆ. ರಾತ್ರಿ ಎರಡು ಗಂಟೆ ನಿದ್ದೆ ಬಂದರೆ ಜಾಸ್ತಿ. ಒಳಗಿದ್ದಾಗ ಡಾಕ್ಟರ್ ಮಾತ್ರೆ ಕೊಡುತ್ತಿದ್ದರು, ಸ್ವಲ್ಪ ಸುಧಾರಿಸಿತ್ತು. ಬಿಡುಗಡೆ ದಿನ ಬಟ್ಟೆ ಚೀಲ ಕೈಗೆ ಬಂತು. ಮಾತ್ರೆ ಚೀಟಿ ಬರಲಿಲ್ಲ. ಮುಂದೆ ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಲಿಲ್ಲ. ಅಲ್ಲಿಗೇ ನಿಂತಿತು. ಇದು ತಲೆ ಕೆಟ್ಟಿರುವುದಲ್ಲ ದೊಡ್ಡಮಾವ, ಅರ್ಧಕ್ಕೆ ನಿಂತ ಔಷಧಿ. ಬಿಪಿ ಮಾತ್ರೆ ಬಿಟ್ಟಾಗ ನಿಮಗೆ ತಲೆ ಸುತ್ತಿತ್ತಲ್ಲ, ಯಾರಾದರೂ ಮಂಡಿ ಮುಚ್ಚಿ ಅಂದರಾ?

ದೊಡ್ಡಮಾವ: ಮತ್ತೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾ?

ನಾನು: ಬೇಡ. ಮನೋಚೈತನ್ಯ ಕಾರ್ಯಕ್ರಮ ಅಂತ ಇದೆ. ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ರಾತ್ರಿ ಹೊತ್ತು ಸಂಕಟ ಆದರೆ 14416, ಟೆಲಿಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಅವನ ಫೋನಿಗೆ ಹಾಕಿಕೊಟ್ಟಿದ್ದೇನೆ. ನಿಮ್ಮಿಂದ ಬೇಕಾಗಿರುವುದು ಮಂಗಳವಾರ ಅರ್ಧ ದಿನ ರಜೆ, ಕೂಲಿ ಹಿಡಿಯದೆ. ಕೆಲಸ ಹೋದರೆ ಅವನು ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ, ಮನೆಯೊಳಗೇ ಕೂತುಬಿಡುತ್ತಾನೆ.

(ಈ ಸಂದೇಶವನ್ನು ಅಳಿಸಲಾಗಿದೆ)

ಭಾವ: ಇಲ್ಲಿ ತೆಗೆದಿದ್ದೇನೆ. ಬೇರೆ ಗುಂಪಲ್ಲಿ ಹಾಕಿದ್ದು ನಾನಲ್ಲ.

ನಾನು: ನಿಮಗೆ ಕಳಿಸಿದವರಿಗೂ ಒಂದು ಮಾತು ಹೇಳಿ ಭಾವ.

ದೊಡ್ಡಮಾವ: ಗಲ್ಲಾ ಕೀಲಿ ಕೊಡಲ್ಲ, ಅದನ್ನ ಕೇಳಬೇಡ. ಮಂಗಳವಾರ ಹೋಗಿ ಬರಲಿ. ಶಟರ್ ಎಳೆಯೋ ಹೊತ್ತಿಗೆ ಅವನನ್ನು ಹಿಂದಿನ ಗೋಡೌನಿಗೆ ಕಳಿಸುತ್ತೇನೆ.

ನಾನು: ಗೋಡೌನ್ ಬೇಡ ದೊಡ್ಡಮಾವ. ಹೊರಗೆ ಬೀದಿಗೆ ಕಳಿಸಿ, ಟೀ ತರಲಿ.