ಆಟ ನಿಂತು 7 ತಿಂಗಳಾಯ್ತು, ಸಾಲ ಇಳೀತಿದೆ, ಆದ್ರೆ ಬದುಕೇ ಸಪ್ಪೆ ಆಗೋಗಿದೆ. ನಿಮಗೂ ಹಿಂಗೇ ಆಗಿತ್ತಾ?

ಮಿಡಲ್‌ಡ್ರಾಪ್_40

ಎಲ್ರಿಗೂ ನಮಸ್ಕಾರ. ಮೊದಲನೇ ಸಲ ಬರೀತಿರೋದು, ಉದ್ದ ಆಗುತ್ತೆ, ಬೈಕೋಬೇಡಿ.

ವಯಸ್ಸು 34, ಮದ್ದೂರು ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ಲಾಕ್‌ಡೌನ್ ಟೈಮಲ್ಲಿ ಹಿಡಿದಿದ್ದು ಆನ್‌ಲೈನ್ ರಮ್ಮಿ, ಐಪಿಎಲ್ ಬಂದ್ರೆ ಊರಲ್ಲೇ ಒಬ್ಬ ಬುಕ್ಕಿ ಹತ್ರ ಬೆಟ್ಟಿಂಗ್. ಹೋಗಿದ್ದು 9 ಲಕ್ಷದ ಮೇಲೆ, ಕೂತು ಲೆಕ್ಕ ಹಾಕೋ ಧೈರ್ಯ ಇವತ್ತಿಗೂ ಬಂದಿಲ್ಲ. ಹೆಂಡ್ತಿ ತಾಳಿ ಸರ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಗಿರವಿ ಅಂಗಡಿ ನೋಡ್ಕೊಂಡು ಬಂದಿದೆ.

ನಾನು ಎಂಥ ಸ್ಥಿತೀಲಿದ್ದೆ ಅಂದ್ರೆ, 2025ರ ಜೂನ್ 3, ಆರ್‌ಸಿಬಿ 18 ವರ್ಷ ಆದ್ಮೇಲೆ ಕಪ್ ಗೆದ್ದ ರಾತ್ರಿ, ಪಿಯುಸಿ ಇಂದ ಈ ಸಲ ಕಪ್ ನಮ್ದೇ ಅಂತ ಗಂಟಲು ಹರ್ಕೊಂಡೋನು ನಾನು ಪಂಜಾಬ್ ಮೇಲೆ 40 ಸಾವಿರ ಹಾಕಿ ಕೂತಿದ್ದೆ, ರೇಟ್ ಚೆನ್ನಾಗಿತ್ತು ಅಂತ. ಕೊನೇ ಓವರ್‌ಗೆ 29 ಬೇಕು, ಮೊದಲ ಎರಡು ಬಾಲ್ ಖಾಲಿ, ಆಮೇಲೆ ಶಶಾಂಕ್ ಸಿಂಗ್ ಸಿಕ್ಸು ಫೋರು ಸಿಕ್ಸು ಸಿಕ್ಸು, 6 ರನ್‌ನಲ್ಲಿ ಹೋಯ್ತು. ಬೀದೀಲಿ ಪಟಾಕಿ, ನಮ್ಮಪ್ಪ ಎದ್ದು ಕುಣೀತಿದಾರೆ, ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ. ಹೊರಗೆ ಬಂದಾಗ ಕಣ್ಣು ಕೆಂಪಗಿರೋದು ನೋಡಿ ಅಪ್ಪ ತಬ್ಕೊಂಡ್ರು, ಖುಷಿಗೆ ಅತ್ತಿದ್ದಾನೆ ಅಂದ್ಕೊಂಡು.

ಅಷ್ಟಾದ್ರೂ ಬಿಡ್ಲಿಲ್ಲ ಕಣ್ರೀ. ಆಗಸ್ಟ್‌ನಲ್ಲಿ ಕೇಂದ್ರದೋರು ಕಾನೂನು ತಂದ್ರಲ್ಲ, ದುಡ್ಡು ಹಾಕಿ ಆಡೋ ಗೇಮ್ ಎಲ್ಲ ಬಂದ್ ಅಂತ, ಆಗ ಆ್ಯಪ್ ನಿಂತೋಯ್ತು. ವ್ಯಾಲೆಟ್‌ನಲ್ಲಿದ್ದ 1,140 ವಾಪಸ್ ತಗೊಂಡೆ, ಅದೇ ಕೊನೆ. 2021ರಲ್ಲಿ ನಮ್ಮ ರಾಜ್ಯದಲ್ಲೂ ಒಂದ್ಸಲ ಕಾನೂನಿಗೆ ತಿದ್ದುಪಡಿ ತಂದು ಬಂದ್ ಮಾಡಿ, 2022 ಫೆಬ್ರವರಿಲಿ ಹೈಕೋರ್ಟ್ ಆ ತಿದ್ದುಪಡಿ ರದ್ದು ಮಾಡಿದಾಗ ಲೈನಲ್ಲಿ ಎಲ್ರಿಗೂ ಮೈಸೂರ್‌ಪಾಕ್ ಹಂಚಿದ್ದೆ ನಾನು, ಯಾಕೆ ಅಂತ ಹೇಳ್ಲಿಲ್ಲ ಅಷ್ಟೆ. ಹಾಗಾಗಿ ಈಗ 'ನಾನು ಬಿಟ್ಟೆ' ಅನ್ನೋಕೆ ಬಾಯೇ ಬರಲ್ಲ, ಅಂಗಡಿಯೋನು ಬಾಗಿಲು ಹಾಕ್ದ, ನಾನು ಹೊರಗೆ ನಿಂತಿದೀನಿ. ಟೆಲಿಗ್ರಾಂನಲ್ಲಿ ಕಳ್ಳ ಲಿಂಕ್ ಬರ್ತಾನೇ ಇರ್ತವೆ, ಇದುವರೆಗೂ ಮುಟ್ಟಿಲ್ಲ, ಅದೊಂದು ಮಾತ್ರ ನಂದು.

ಈಗ ವಿಷಯಕ್ಕೆ ಬರ್ತೀನಿ. ಸಂಬಳ ಹೆಂಡ್ತಿ ಅಕೌಂಟ್‌ಗೆ ಹೋಗುತ್ತೆ, ಸಾಲ ಮೂರರಲ್ಲೊಂದು ಭಾಗ ತೀರಿದೆ, ಮನೇಲಿ ಜಗಳ ಇಲ್ಲ. 'ಈಗ ನೆಮ್ಮದಿಯಾಗಿದೀವಿ ಅಲ್ವಾ' ಅಂತಾಳೆ ಅವ್ಳು, ನಾನು ಹೂಂ ಅಂತೀನಿ. ನಿಜ ಹೇಳ್ಬೇಕು ಅಂದ್ರೆ ನಂಗೆ ಆ ನೆಮ್ಮದಿಯೇ ತಡ್ಕೊಳಕ್ಕಾಗ್ತಿಲ್ಲ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಏನು ಅಂತಾನೇ ಗೊತ್ತಾಗಲ್ಲ. ಮಗು ತೊದಲು ಮಾತಾಡುತ್ತೆ, ನಗ್ತೀನಿ, ಒಳಗೇನೂ ಆಗಲ್ಲ. ನಂಗೆ ಗೆದ್ದ ದುಡ್ಡು ಯಾವುದೂ ನೆನಪಿಲ್ಲ, ಆದ್ರೆ 13 ಎಲೆ ಬಿದ್ದ ತಕ್ಷಣ ಪ್ಯೂರ್ ಸೀಕ್ವೆನ್ಸ್ (ಜೋಕರ್ ಇಲ್ಲದೆ ಒಂದೇ ಜಾತಿಯ ಸಾಲು ಎಲೆ) ಇದ್ಯಾ ಜೋಕರ್ ಇದ್ಯಾ ಅಂತ ನೋಡೋ ಆ ಎರಡು ಸೆಕೆಂಡ್ ಇದ್ಯಲ್ಲ, ಅದು ಇನ್ನೂ ಮೈಯಲ್ಲೇ ಇದೆ. ಸಿಗ್ನಲ್‌ನಲ್ಲಿ ನಿಂತ್ರೆ ಮುಂದಿನ ಗಾಡಿ ನಂಬರ್ ಸರಿಯೋ ಬೆಸವೋ ಅಂತ ನನ್ನ ಜೊತೆ ನಾನೇ ಬೆಟ್ ಕಟ್ಕೋತೀನಿ, ದುಡ್ಡಿಲ್ಲದೆ. ಇದು ಹುಚ್ಚಾ? ಇನ್ನೇನು ಐಪಿಎಲ್ ಬೇರೆ ಬಂತು. ಈ ಸಪ್ಪೆ ಯಾವತ್ತಾದ್ರೂ ಹೋಗುತ್ತಾ, ಬಿಟ್ಟು ವರ್ಷಗಟ್ಲೆ ಆದವರು ಇದ್ರೆ ಹೇಳಿ.

ಹಳೇ_ಹುಬ್ಬಳ್ಳಿ_ಮಾವ

ತಮ್ಮಾ, ಹುಚ್ಚಲ್ಲ ಏನಲ್ಲ. ನಂದು ಮಟಕಾ, ನಿಮ್ಮ ಕಡೆ ಓಸಿ ಅಂತೀರಲ್ಲ ಅದು. ಬಿಟ್ಟು 11 ವರ್ಷ ಆತು. ಓಸಿ ಅಂದ್ರ ಓಪನ್ ಕ್ಲೋಸ್, ಮೊದಲ ಬರೂ ನಂಬರ್ ಓಪನ್, ಆಮ್ಯಾಲ ಬರೂದು ಕ್ಲೋಸ್; ಮೊದಲ ಮುಂಬೈದಾಗ ನ್ಯೂಯಾರ್ಕಿನ ಹತ್ತಿ ರೇಟಿನ ಮ್ಯಾಲ ಹಚ್ಚತಿದ್ರಂತ, ಆಮ್ಯಾಲ ಬರೇ ನಂಬರ್ ಉಳೀತು. ಹತ್ತಿ ಹೋತು, ಚಟ ಉಳೀತು ನೋಡು. ಹತ್ತು ನಂಬರ್‌ನ್ಯಾಗ ಒಂದು ಹಿಡದ್ರ ರೂಪಾಯಿಗೆ ಒಂಬತ್ತು ಕೊಡತಿದ್ರು, ಹತ್ತನೇದು ಯಾರ ಕಿಸೆಕ್ಕ ಹೋಗತಿತ್ತು ಅಂತ ನಾನು ಇಪ್ಪತ್ತು ವರ್ಷ ವಿಚಾರ ಮಾಡ್ಲಿಲ್ಲ.

ಕನಸಿನ್ಯಾಗ ಹಾವು ಬಂದ್ರ ಒಂದು ನಂಬರ್, ಹೆಣ ಬಂದ್ರ ಒಂದು ನಂಬರ್. ನಮ್ಮಪ್ಪ ತೀರಿಕೊಂಡ ದಿನ ಆಸ್ಪತ್ರಿ ಬೆಡ್ ನಂಬರ್ ಹಚ್ಚಿ ಬಂದವ ನಾನು. ಹೇಳಾಕ ನಾಚಿಕಿ ಬರತದ, ಆದ್ರೂ ಹೇಳೀನಿ.

ನಿನಗ ಸುಳ್ಳು ಹೇಳಂಗಿಲ್ಲ, ಆ ಎದಿ ಢವಢವ ಅನ್ನೂದು ಮತ್ತ ಯಾವುದ್ರಾಗೂ ಸಿಗಂಗಿಲ್ಲ. ನಾನೂ ಹುಡುಕಿನಿ. ಕುಸ್ತಿ ನೋಡಾಕ ಹೋದ್ನಿ, ಅಲ್ಲೂ ಯಾರ ಮ್ಯಾಲರೆ ಹಚ್ಚೂಣೇನು ಅಂತ ಬಾಜೂದವನ್ನ ಕೇಳಿದ್ನಿ, ಎದ್ದು ಮನಿಗೆ ಬಂದ್ನಿ. ಅಷ್ಟು ದೊಡ್ಡದು ಇನ್ನೊಂದು ಬೇಕು ಅಂತ ಹುಡುಕೂತನಕ ಬ್ಯಾಸರ ಹೋಗ್ಲಿಲ್ಲ. ಖರೆ ಅಂದ್ರ ಎರಡು ವರ್ಷ ಹಿಡೀತು. ಒಂದು ದಿನ ಸಂತ್ಯಾಗ ಬ್ಯಾಡಗಿ ಮೆಣಸಿನಕಾಯಿ ಚೌಕಾಸಿ ಮಾಡಾಕತ್ತಿದ್ನಿ, ಕಿಲೋಕ್ಕ ಇಪ್ಪತ್ತು ರೂಪಾಯಿ ಇಳಿಸಿದ್ನಿ, ಮನಿಗೆ ಬರೂ ಮುಂದ ಸೀಟಿ ಹೊಡಕೋಂತ ಬಂದ್ನಿ. ನಮ್ಮಾಕಿ ಬಾಗಿಲದಾಗ ನಿಂತು ಮತ್ತ ಎಲ್ಲಿ ಹಚ್ಚಿ ಬಂದ್ರಿ ಅಂತ ಕೇಳಿದ್ಲು!

ಇವತ್ತಿಗೂ ದೀಪಾವಳಿ ಪಾಡ್ಯಕ್ಕ ಮಂದಿ ಇಸ್ಪೀಟ್ ಹಾಕ್ಕೊಂಡು ಕುಂತದ್ದು ಕಂಡ್ರ ಅಂಗೈ ಬೆವರತದ. ಆ ಓಣಿ ಬಿಟ್ಟು ಬ್ಯಾರೆ ಓಣಿಲೆ ಹೊಕ್ಕೀನಿ.

ಬುಲ್_ರನ್_ಬಾಸ್

ಬ್ರೋ ಥ್ರಿಲ್ ಬೇಕು ಅಂದ್ರೆ ಷೇರು ಮಾರ್ಕೆಟ್‌ನ ಆಪ್ಷನ್ಸ್ ಟ್ರೇಡಿಂಗ್ ಕಲೀರಿ. ಅದು ಜೂಜಲ್ಲ, ಸ್ಕಿಲ್, ಲೀಗಲ್ ಕೂಡ. ರಮ್ಮಿ ಆಡೋರಿಗೆ ಕ್ಯಾಲ್ಕುಲೇಷನ್ ಚೆನ್ನಾಗಿರುತ್ತೆ.

ಎಕ್ಸ್‌ಪೈರಿ_ಸಂತ್ರಸ್ತ

ಮೇಲಿನ ಮಹಾನುಭಾವರ ಮಾತು ದಯವಿಟ್ಟು ಯಾರೂ ಕೇಳ್ಬೇಡಿ. ನಾನು ಕಳ್ಕೊಂಡಿದ್ದೇ ಅಲ್ಲಿ. ರಮ್ಮಿನೂ ಸ್ಕಿಲ್ ಅಂತಾನೇ ತಾನೆ ಇಷ್ಟು ವರ್ಷ ಅಡ್ವರ್ಟೈಸ್‌ಮೆಂಟ್ ಬರ್ತಿದ್ದಿದ್ದು? ಷೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿಯವರೇ 2024 ಸೆಪ್ಟೆಂಬರ್‌ನಲ್ಲಿ ಲೆಕ್ಕ ಬಿಟ್ಟಿದಾರೆ, ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡಿದ ಒಂದು ಕೋಟಿಗೂ ಮೇಲ್ಪಟ್ಟ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಜನ ನಷ್ಟದಲ್ಲಿ, ತಲಾ ಸುಮಾರು 2 ಲಕ್ಷ. ಆ 93ರಲ್ಲಿ ನಾನೂ ಒಬ್ಬ. ನಿಫ್ಟಿ ಎಕ್ಸ್‌ಪೈರಿ, ಅಂದ್ರೆ ಆ ವಾರದ ಆಪ್ಷನ್ ಮುಗಿಯೋ ದಿನ, ಆಗ ಗುರುವಾರ ಇರ್ತಿತ್ತು, ಮಧ್ಯಾಹ್ನ ಎರಡೂವರೆ ಆದ್ಮೇಲೆ ಪ್ರೀಮಿಯಂ (ಆಪ್ಷನ್ ರೇಟು) ಕುಣಿಯೋದು ನೋಡ್ತಾ ಟಾಯ್ಲೆಟ್‌ನಲ್ಲಿ ಕೂತಿರ್ತಿದ್ದೆ, ಅದು ನಿಮ್ಮ ಎರಡು ಸೆಕೆಂಡೇ ಕಣ್ರೀ, ಒಂದು ಗಂಟೆಗೆ ಎಳೆದಿರ್ತಾರೆ ಅಷ್ಟೆ. ಈಗ ಎಕ್ಸ್‌ಪೈರಿ ಮಂಗಳವಾರಕ್ಕೆ ಹೋಗಿದೆ, ಆದ್ರೂ ನಂಗೆ ಗುರುವಾರ ಬಂದ್ರೇನೇ ಹೊಟ್ಟೆ ಕಿವುಚುತ್ತೆ.

ವಾರ್ಡ್_ಸಿಸ್ಟರ್

ನಾನು ಡಿ-ಅಡಿಕ್ಷನ್ ವಾರ್ಡ್‌ನಲ್ಲಿ ನರ್ಸ್, ಡಾಕ್ಟರ್ ಅಲ್ಲ, ಗೊತ್ತಿರೋದಷ್ಟು ಹೇಳ್ತೀನಿ.

ಸರ್, ನೀವು 'ಗೆದ್ದಿದ್ದು ನೆನಪಿಲ್ಲ, ಎಲೆ ನೋಡೋ ಮುಂಚಿನ ಎರಡು ಸೆಕೆಂಡ್ ನೆನಪಿದೆ' ಅಂದ್ರಲ್ಲ, ವಿಷಯ ಅಲ್ಲೇ ಇದೆ. ವೋಲ್ಫ್ರಾಮ್ ಶುಲ್ಟ್ಜ್ ಅಂತ ವಿಜ್ಞಾನಿ, ಅವರ ತಂಡ 2003ರಲ್ಲಿ ಪ್ರಕಟಿಸಿದ ಮಂಗಗಳ ಪ್ರಯೋಗ ಒಂದಿದೆ. ಜ್ಯೂಸ್ ಸಿಕ್ಕೇ ಸಿಗುತ್ತೆ ಅಂತ ಗೊತ್ತಿದ್ರೆ ಕಾಯೋ ಹೊತ್ತಲ್ಲಿ ಮೆದುಳಿನಲ್ಲಿ ಆಸೆ ಹುಟ್ಟಿಸೋ ಡೋಪಮೈನ್ ಕೋಶಗಳು ಸುಮ್ನಿರ್ತವೆ, ಸಿಗಲ್ಲ ಅಂತ ಗೊತ್ತಿದ್ರೂ ಅಷ್ಟೆ. ಸಿಕ್ಕರೂ ಸಿಗಬಹುದು, ಅರ್ಧಕ್ಕರ್ಧ, ಅಂದಾಗಲೇ ಕಾಯ್ತಾ ಕಾಯ್ತಾ ಏರೋದು. ಅಂದ್ರೆ ಗೆಲುವಿಗಿಂತ ಆ ಅನುಮಾನದಲ್ಲೇ ಮಜಾ ಇರೋದು. ಮನೆ, ಸಂಬಳ, ಬಿಸಿ ಊಟ ಎಲ್ಲ ಗ್ಯಾರಂಟಿ ಸಿಗೋವು, ಅದಕ್ಕೇ ಇಷ್ಟು ವರ್ಷ ಆಟಕ್ಕೆ ಒಗ್ಗಿದ ತಲೆಗೆ ಅವು ಕಾಣ್ತಾನೇ ಇಲ್ಲ. 6 ರನ್‌ನಲ್ಲಿ ಸೋತಿದ್ದೂ ಸುಮ್ನೆ ಸೋತ ಹಾಗಲ್ಲ, ಸ್ವಲ್ಪದರಲ್ಲಿ ತಪ್ಪಿದಾಗ ಗೆದ್ದಾಗ ಕೆಲಸ ಮಾಡೋ ಮೆದುಳಿನ ಕೆಲವು ಭಾಗಗಳೇ ಎದ್ದೇಳ್ತವೆ ಅಂತ ಸ್ಕ್ಯಾನ್‌ನಲ್ಲಿ ನೋಡಿದಾರೆ. ಅವತ್ತು ಪಂಜಾಬ್ ನೂರು ರನ್‌ಗೆ ಆಲೌಟ್ ಆಗಿದ್ರೆ ನಿಮಗೆ ಒಳ್ಳೇದೇ ಆಗ್ತಿತ್ತೇನೋ.

ಇನ್ನೊಂದು. ಮಗು ಮಾತಾಡಿದ್ರೂ ಏನೂ ಅನ್ಸಲ್ಲ ಅನ್ನೋದು ಬರೀ ಬೋರ್ ಅಲ್ಲದೇ ಇರಬಹುದು, ಖಿನ್ನತೆನೂ ಜೊತೆಲಿ ಬರೋದು ಬಹಳ ಸಾಮಾನ್ಯ. ಅದಕ್ಕೆ ಟ್ರೀಟ್‌ಮೆಂಟ್ ಇದೆ, 'ಚಟ ಬಿಟ್ಟ ಶಿಕ್ಷೆ' ಅಂತ ಹಲ್ಲು ಕಚ್ಕೊಂಡು ಸಹಿಸ್ಬೇಕಾಗಿಲ್ಲ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಬೆಂಗಳೂರಿಗೆ ಬರೋಕಾದ್ರೆ ನಿಮ್ಹಾನ್ಸ್‌ನಲ್ಲಿ ಆನ್‌ಲೈನ್ ಚಟಗಳಿಗೆ ಅಂತಾನೇ 2014ರಿಂದ ಶಟ್ ಕ್ಲಿನಿಕ್ ಇದೆ. ಸಾಯೋ ಯೋಚನೆ ಏನಾದ್ರೂ ಬಂದ್ರೆ ನಾಳೆ ಅನ್ನದೆ ಆ ಕ್ಷಣವೇ ಮಾಡಿ. ಐಪಿಎಲ್ ಶುರುವಾಗೋಕೆ ಮುಂಚೆ ಬುಕ್ಕಿ ನಂಬರ್ ಬ್ಲಾಕ್ ಆಗಿರ್ಲಿ.

ಕಲ್ಪತರು_ನಾಡಿನ_ಅಕ್ಕ

ನಾನು ಆಡೋಳಲ್ಲ, ಆಡೋರ ಹೆಂಡ್ತಿ. ನಮ್ಮನೆಯವ್ರದ್ದು ಅಂದರ್ ಬಾಹರ್, ತೋಟದ ಮನೇಲಿ ಗುಂಪು ಕಟ್ಕೊಂಡು. ಕೊಬ್ಬರಿ ದುಡ್ಡು ಮನೆಗೆ ಬರೋ ಮುಂಚೆ ಅಲ್ಲಿಗೆ ಹೋಗ್ತಿತ್ತು. ಬಿಟ್ಟು ಒಂದೂವರೆ ವರ್ಷ ಆಯ್ತು.

ಇದನ್ನ ಯಾರ ಹತ್ರನೂ ಹೇಳಿಲ್ಲ, ಇಲ್ಲಿ ಹೆಸರಿಲ್ಲ ಅಂತ ಹೇಳ್ತಿದೀನಿ. ನಂಗೂ ಸಪ್ಪೆನೇ ಅಣ್ಣಾ. ಅವ್ರು ಗೆದ್ದ ದಿನ ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ಪಾರ್ಸಲ್ ತಂದು ಮಲಗಿರೋ ಮಕ್ಕಳನ್ನ ಎಬ್ಬಿಸಿ ತುತ್ತು ಮಾಡಿ ತಿನ್ನಿಸೋರು, ನಂಗೆ ಸೀರೆ, ಮನೆಯೆಲ್ಲ ನಗು. ಸೋತ ದಿನದ ಕಥೆ ಬೇಡ ಬಿಡಿ. ಈಗ ಒಂಬತ್ತಕ್ಕೆ ಊಟ, ಹತ್ತಕ್ಕೆ ಲೈಟ್ ಆಫ್. ಅಪ್ಪ ಮೊದ್ಲು ಜಾಲಿಯಾಗಿದ್ರು ಅಲ್ವಾಮ್ಮಾ ಅಂತ ಮಗಳು ಕೇಳಿದ ದಿನ ನಾನು ಅಡುಗೆ ಮನೇಲಿ ನಿಂತು ಹೌದು ಅಂತ ಮನಸ್ಸಲ್ಲೇ ಅಂದೆ, ಆಮೇಲೆ ನನ್ನ ಮೇಲೇ ಅಸಹ್ಯ ಆಯ್ತು. ಮನೆ ಮುಂದೆ ಬೈಕ್ ಸದ್ದು ಹತ್ತು ನಿಮಿಷ ಲೇಟಾದ್ರೆ ಈಗ್ಲೂ ಎದೆ ಹೊಡ್ಕೊಳುತ್ತೆ. ನಂಗೂ ಆ ಎರಡು ಸೆಕೆಂಡ್ ಇದೆ.

ನಿಮ್ಮ ಮನೆಯವ್ರು ನೆಮ್ಮದಿಯಾಗಿದೀವಿ ಅಲ್ವಾ ಅಂತ ಕೇಳ್ತಿದಾರೆ ಅಂದ್ರೆ ಅವ್ರಿಗೆ ಪೂರ್ತಿ ನಂಬಿಕೆ ಇಲ್ಲ ಅಂತಾನೇ ಅರ್ಥ, ನಾನೂ ಹಂಗೇ ಕೇಳ್ತೀನಿ. ಬರೀ ಹೂಂ ಅಂದು ಸುಮ್ನಾಗ್ಬೇಡಿ.

ಮಿಡಲ್‌ಡ್ರಾಪ್_40

ಅಕ್ಕಾ, ನಿಮ್ಮದು ಮೂರು ಸಲ ಓದಿದೆ. ಅವ್ಳಿಗೆ ಇನ್ನೂ ಹೇಳಿಲ್ಲ. ಮಗು ಮಲಗ್ಲಿ ಅಂತ ಕಾದೆ, ಮಲಗ್ತು, ಆಮೇಲೆ ಹಾಲು ಹೆಪ್ಪು ಹಾಕಿದ್ಯಾ ಅಂತ ಕೇಳಿ ಬಂದ್ಬಿಟ್ಟೆ. ಸಿಸ್ಟರ್, 14416 ಒತ್ತಿ ಎರಡು ರಿಂಗ್ ಆಗೋಷ್ಟರಲ್ಲಿ ಕಟ್ ಮಾಡ್ದೆ, ನಾಳೆ ಊಟದ ಬ್ರೇಕಲ್ಲಿ ಮಾಡ್ತೀನಿ. ಬುಕ್ಕಿ ನಂಬರ್ ಬ್ಲಾಕ್ ಆಯ್ತು, ಆದ್ರೆ ಬಾಯಿಪಾಠ ಆಗಿರೋ ನಂಬರ್‌ನ ಏನ್ಮಾಡೋದು?

ಮಾವ, ಒಂದು ಕೇಳ್ಲಾ. ಆ ಎರಡು ವರ್ಷ ರಾತ್ರಿ ಹೊತ್ತು, ಕ್ಲೋಸ್ ನಂಬರ್ ಬರೋ ಟೈಮಲ್ಲಿ, ನೀವು ಏನು ಮಾಡ್ತಿದ್ರಿ?

ಹಳೇ_ಹುಬ್ಬಳ್ಳಿ_ಮಾವ

ರೊಟ್ಟಿ ಬಡಿಯೂದು ಕಲತ್ನಿ, ನಗಬ್ಯಾಡ. ಕೈ ಸುಮ್ನ ಇದ್ರ ಫೋನಿಗೆ ಹೋಗತದ ಅಂತ ನಮ್ಮಾಕಿ ಜ್ವಾಳದ ಹಿಟ್ಟಿನ ಪರಾತ ಮುಂದ ಇಟ್ಲು. ಕುದಿಯೋ ನೀರು ಹಾಕಿ ನಾದಬೇಕು, ಹಿಟ್ಟು ಹಳೇದಿದ್ರ ಜಿಗಿ ಇರಂಗಿಲ್ಲ, ಬಡಿಯೂ ಮುಂದ ಅಂಚು ಒಡೀತದ. ಮೊದಲ ತಿಂಗಳು ಒಂದೂ ತವಾತನಕ ಮುಟ್ಟಲಿಲ್ಲ, ಕೈಯಾಗ ಹರೀತಿತ್ತು. ಈಗೂ ದುಂಡಗ ಬರಂಗಿಲ್ಲ, ಆದ್ರ ಹಾಕಿದ ಮ್ಯಾಲ ಉಬ್ಬತದೋ ಇಲ್ಲೋ ಅಂತ ತವಾ ಮುಂದ ನಿಂತು ನೋಡ್ತೀನಿ. ನಮ್ಮಾಕಿ ಅದಕ್ಕೂ ಬೈತಾಳ, ಇದರ ಮ್ಯಾಲೂ ಹಚ್ಚೀರೇನು ಅಂತ.