ಸಿಗ್ನಲ್ ಚೆನ್ನಾಗಿರುವವರಿಗೇ ಎಲ್ಲ ಬ್ಲಾಕ್‌ಗಳನ್ನೂ ಏಕೆ ಕೊಡಬಾರದು?

ಪ್ರಶ್ನೆ

ಎಲ್‌ಟಿಇ (4ಜಿ ಮೊಬೈಲ್) ಜಾಲದ ಸಂಪನ್ಮೂಲ ಹಂಚಿಕೆಯ ಬಗ್ಗೆ ಓದುತ್ತಿದ್ದೇನೆ. 20 ಮೆಗಾಹರ್ಟ್ಸ್ ಅಗಲದ ಕ್ಯಾರಿಯರ್‌ನಲ್ಲಿ (ಆವರ್ತನ ಪಟ್ಟಿಯಲ್ಲಿ) ತಲಾ 180 ಕಿಲೋಹರ್ಟ್ಸ್‌ನ 100 ರಿಸೋರ್ಸ್ ಬ್ಲಾಕ್‌ಗಳು, ಅಂದರೆ ಬಳಕೆದಾರರಿಗೆ ಹಂಚುವ ತುಣುಕುಗಳು, ಇರುತ್ತವೆ, ಯಾವ ಬ್ಲಾಕ್ ಯಾರಿಗೆ ಎಂಬುದನ್ನು ಬೇಸ್ ಸ್ಟೇಷನ್‌ನ ಶೆಡ್ಯೂಲರ್ 1 ಮಿಲಿಸೆಕೆಂಡಿಗೊಮ್ಮೆ ತೀರ್ಮಾನಿಸುತ್ತದೆ ಎಂಬಲ್ಲಿಯವರೆಗೆ ಅರ್ಥವಾಗಿದೆ. ಪ್ರತಿ ಫೋನೂ ತನ್ನ ಚಾನೆಲ್‌ನ ಗುಣಮಟ್ಟವನ್ನು ಸಿಕ್ಯೂಐ ಎಂಬ ಸೂಚಕದ ಮೂಲಕ ತಿಳಿಸುತ್ತಲೇ ಇರುವಾಗ, ಆ ಕ್ಷಣದಲ್ಲಿ ಅತ್ಯುತ್ತಮ ಚಾನೆಲ್ ಇರುವವರಿಗೇ ಬ್ಲಾಕ್ ಕೊಟ್ಟರೆ ಸೆಲ್‌ನ (ಬೇಸ್ ಸ್ಟೇಷನ್ ಸೇವೆ ನೀಡುವ ಪ್ರದೇಶದ) ಒಟ್ಟು ವೇಗ ಗರಿಷ್ಠವಾಗುತ್ತದಲ್ಲವೇ? ಹಾಗಿದ್ದರೂ ಓದಿದಲ್ಲೆಲ್ಲ ಎಲ್ಲರಿಗೂ ನ್ಯಾಯವಾದ ಪಾಲು ಸಿಗುವಂತೆ ಹಂಚುವ ಪ್ರಪೋರ್ಷನಲ್ ಫೇರ್ ವಿಧಾನವನ್ನೇ ಮುಂದಿಡುತ್ತಾರೆ. ಇದಕ್ಕೆ ತಾಂತ್ರಿಕ ಕಾರಣವೇನಾದರೂ ಇದೆಯೇ?

ಉತ್ತರ 1

ಒಟ್ಟು ವೇಗ ಗರಿಷ್ಠವಾಗುವುದು ನಿಜ, ಆದರೆ ಅದು ಯಾರ ಪಾಲಾಯಿತು ಎಂಬುದನ್ನೂ ನೋಡಬೇಕು. ಇಡೀ ಸೆಲ್ ತನ್ನೊಬ್ಬನಿಗೇ ಸಿಕ್ಕರೆ 40 ಎಂಬಿಪಿಎಸ್ ಪಡೆಯಬಲ್ಲ ಬಳಕೆದಾರನೊಬ್ಬ, 4 ಎಂಬಿಪಿಎಸ್ ಪಡೆಯಬಲ್ಲ ಇನ್ನೊಬ್ಬ ಇದ್ದಾರೆ ಎಂದುಕೊಳ್ಳಿ. ನೀವು ಹೇಳುವ ವಿಧಾನದಲ್ಲಿ ಮೊದಲಿನವನಿಗೆ 40, ಎರಡನೆಯವನಿಗೆ ಸೊನ್ನೆ. ಇಬ್ಬರಿಗೂ ಸಮಾನ ವೇಗ ಸಿಗಲೇಬೇಕೆಂದು ಹಟ ಹಿಡಿದರೆ, ಹನ್ನೊಂದರಲ್ಲಿ ಹತ್ತು ಪಾಲು ಸಮಯವನ್ನು ದುರ್ಬಲ ಚಾನೆಲ್‌ಗೆ ಸುರಿದರೂ ಇಬ್ಬರಿಗೂ ಸುಮಾರು 3.6 ಮಾತ್ರ ದಕ್ಕುತ್ತದೆ. ಸಮಯವನ್ನು ಸಮನಾಗಿ ಹಂಚಿದರೆ 20 ಮತ್ತು 2. ಚಾನೆಲ್‌ಗಳು ಬದಲಾಗದಿರುವಾಗ ಪ್ರಪೋರ್ಷನಲ್ ಫೇರ್ ತಲುಪುವುದು ಈ ಮೂರನೆಯ ಹಂಚಿಕೆಯನ್ನೇ, ಏಕೆಂದರೆ ಅದು ವೇಗಗಳ ಮೊತ್ತವನ್ನಲ್ಲ, ವೇಗಗಳ ಲಾಗರಿದಮ್‌ಗಳ ಮೊತ್ತವನ್ನು ಹೆಚ್ಚಿಸುತ್ತದೆ. ಯಾರ ವೇಗವಾದರೂ ಸೊನ್ನೆಯತ್ತ ಜಾರಿದರೆ ಆ ಮೊತ್ತ ಪಾತಾಳಕ್ಕಿಳಿಯುತ್ತದೆ. ಈ ಕಲ್ಪನೆಗೆ ಖಚಿತ ರೂಪ ಕೊಟ್ಟವರು 1990ರ ದಶಕದ ಕೊನೆಯಲ್ಲಿ ಗಣಿತಜ್ಞ ಫ್ರಾಂಕ್ ಕೆಲ್ಲಿ. ಅವರ ಸಂದರ್ಭ ಮೊಬೈಲ್ ಜಾಲದ್ದಲ್ಲ, ದತ್ತಾಂಶ ಜಾಲಗಳಲ್ಲಿನ ವೇಗ ನಿಯಂತ್ರಣದ್ದು.

ಉತ್ತರ 2

ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಈ ವಿಧಾನದ ನಿಜವಾದ ಸೊಗಸು ಕಾಣುವುದು ಚಾನೆಲ್ ಬದಲಾಗುತ್ತಿರುವಾಗ. ತರಂಗಗಳು ಹಲವು ದಾರಿಗಳಿಂದ ಬಂದು ಕೂಡುವುದರಿಂದ ಪ್ರತಿಯೊಬ್ಬರ ಚಾನೆಲ್ಲೂ ಕ್ಷಣಕ್ಷಣಕ್ಕೆ ಏರಿಳಿಯುತ್ತದೆ. ಈ ಕ್ಷಣ ಸಿಗಬಹುದಾದ ವೇಗವನ್ನು ಇದುವರೆಗೆ ಆ ಬಳಕೆದಾರನಿಗೆ ಸಿಕ್ಕ ಸರಾಸರಿ ವೇಗದಿಂದ ಭಾಗಿಸಿ, ಯಾರ ಭಾಗಲಬ್ಧ ದೊಡ್ಡದೋ ಅವರಿಗೆ ಶೆಡ್ಯೂಲರ್ ಬ್ಲಾಕ್ ಕೊಡುತ್ತದೆ. ಅಂದರೆ ದೂರದಲ್ಲಿರುವವನು ಹತ್ತಿರದವನೊಡನೆ ಸ್ಪರ್ಧಿಸಬೇಕಿಲ್ಲ. ತನ್ನದೇ ಸರಾಸರಿಯನ್ನು ಮೀರಿದರೆ ಸಾಕು. ಪ್ರತಿಯೊಬ್ಬರಿಗೂ ಅವರವರ ಒಳ್ಳೆಯ ಗಳಿಗೆಯಲ್ಲಿ ಸರದಿ ಬರುವುದರಿಂದ, ಕಣ್ಣುಮುಚ್ಚಿ ಸರದಿಯಂತೆ ಹಂಚುವ ರೌಂಡ್ ರಾಬಿನ್‌ಗಿಂತ ಒಟ್ಟು ವೇಗವೂ ಹೆಚ್ಚುತ್ತದೆ. ಮಲ್ಟಿಯೂಸರ್ ಡೈವರ್ಸಿಟಿ ಎನ್ನುವುದು ಇದನ್ನೇ. ನ್ಯಾಯ ಮತ್ತು ದಕ್ಷತೆ ಇಲ್ಲಿ ಒಂದಕ್ಕೊಂದು ಶತ್ರುಗಳಾಗದಿರುವುದು ನನಗೆ ಇಂದಿಗೂ ಬಹಳ ಮೆಚ್ಚುಗೆಯ ಸಂಗತಿ.

ಧ್ವನಿ ಕರೆಗೆ ಮಾತ್ರ ಇದು ಸಾಲದು. ಒಳ್ಳೆಯ ಗಳಿಗೆಗೆ ಕಾಯುತ್ತ ಕುಳಿತರೆ ಪ್ಯಾಕೆಟ್‌ನ ಗಡುವು ಮೀರುತ್ತದೆ. ಎಲ್‌ಟಿಇಯಲ್ಲಿ ಧ್ವನಿಗಿರುವ ವಿಳಂಬದ ಮಿತಿ 100 ಮಿಲಿಸೆಕೆಂಡು. ಆದ್ದರಿಂದ ಅಂಥ ದಟ್ಟಣೆಗೆ ಪ್ರತ್ಯೇಕ ಆದ್ಯತೆ ಬೇಕೇ ಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಸೆಲ್‌ನ ಅಂಚಿನಲ್ಲಿರುವವರ ವೇಗವನ್ನು ಹೆಚ್ಚಿಸಲು ಅವರಿಗೆ ಇನ್ನಷ್ಟು ಬ್ಲಾಕ್‌ಗಳನ್ನು ಕೊಟ್ಟರಾಗದೇ?

ಉತ್ತರ 2 ಬರೆದವರು

ಡೌನ್‌ಲಿಂಕ್‌ನಲ್ಲಿ (ಬೇಸ್ ಸ್ಟೇಷನ್‌ನಿಂದ ಫೋನಿಗೆ) ಸ್ವಲ್ಪಮಟ್ಟಿಗೆ ಆದೀತು, ಅಪ್‌ಲಿಂಕ್‌ನಲ್ಲಿ (ಫೋನಿನಿಂದ ಬೇಸ್ ಸ್ಟೇಷನ್‌ಗೆ) ಅಷ್ಟಾಗಿ ಆಗದು. ಸಾಮಾನ್ಯ ಫೋನಿನ ಗರಿಷ್ಠ ಪ್ರಸಾರ ಶಕ್ತಿ ಸುಮಾರು 200 ಮಿಲಿವ್ಯಾಟ್. ಅಂಚಿನಲ್ಲಿರುವ ಫೋನು ಆಗಲೇ ಆ ಮಿತಿಯನ್ನು ಮುಟ್ಟಿರುವಾಗ, ಬ್ಲಾಕ್‌ಗಳನ್ನು ಇಮ್ಮಡಿಗೊಳಿಸಿದರೆ ಒಂದೊಂದು ಬ್ಲಾಕ್‌ಗೂ ಸಿಗುವ ಶಕ್ತಿ ಅರ್ಧಕ್ಕಿಳಿದು, ವೇಗ ಹೆಚ್ಚೇನೂ ಏರುವುದಿಲ್ಲ. ಡೌನ್‌ಲಿಂಕ್‌ನಲ್ಲಿ ಅಂಚಿನವರನ್ನು ಕಾಡುವುದು ಮುಖ್ಯವಾಗಿ ಪಕ್ಕದ ಸೆಲ್ ಅದೇ ಆವರ್ತನದಲ್ಲಿ ಪ್ರಸಾರ ಮಾಡುವುದರಿಂದ ಉಂಟಾಗುವ ಅಡಚಣೆ. ಅಲ್ಲಿ ಒಂದು ಸೆಲ್‌ನ ಶೆಡ್ಯೂಲರ್ ತಾನೊಂದೇ ನಿರ್ಧರಿಸಿ ಪ್ರಯೋಜನವಿಲ್ಲ: ಅಂಚಿನವರಿಗೆಂದು ತೆಗೆದಿರಿಸಿದ ಬ್ಲಾಕ್‌ಗಳಲ್ಲಿ ನೆರೆಯ ಸೆಲ್ ತನ್ನ ಶಕ್ತಿಯನ್ನು ತಗ್ಗಿಸುವಂತೆ ಎರಡು ಬೇಸ್ ಸ್ಟೇಷನ್‌ಗಳು ಮೊದಲೇ ಹೊಂದಾಣಿಕೆ ಮಾಡಿಕೊಳ್ಳಬೇಕು, ಅದಕ್ಕೆ ಬೇಕಾದ ಸಂದೇಶಗಳನ್ನು ಎಲ್‌ಟಿಇಯಲ್ಲಿ ಎಕ್ಸ್2 ಸಂಪರ್ಕದ ಮೂಲಕ ಕಳುಹಿಸಿಕೊಳ್ಳುತ್ತವೆ.