ಪದಚರ್ಚೆ: ಮೊಬೈಲ್ ಲೊಕೇಶನ್, ‘ಇಂಟರ್‌ಆಪರೆಬಿಲಿಟಿ’ ಮತ್ತು ಮುಯ್ಯಾಳು

ಗೆಳೆಯರೇ, ನಮಸ್ಕಾರ.

ಒಂದು ಪದದ ಕೈಗೆ ಸಿಕ್ಕಿಹಾಕಿಕೊಂಡು ಎರಡು ವಾರ ಆಯಿತು. ಪದ ‘ಇಂಟರ್‌ಆಪರೆಬಿಲಿಟಿ’. ಬೇರೆ ಬೇರೆಯವರ ಯಂತ್ರಗಳು ಒಂದರ ಜೊತೆ ಒಂದು ಕೂಡಿ ಕೆಲಸ ಮಾಡುವುದು ಅಂತ ಅದರ ಅರ್ಥ. ಬಿಡಿಸಿಕೊಳ್ಳಲು ನಿಮ್ಮ ಸಹಾಯ ಬೇಕು.

ಅಪಘಾತ ಆದ ಕಡೆಗೆ ಓಡಿಹೋಗಿ ನೆರವಾಗುವ ಸ್ವಯಂಸೇವಕರ ತಂಡವೊಂದಕ್ಕೆ ಕಿರುಪುಸ್ತಿಕೆ ಅನುವಾದ ಮಾಡುತ್ತಿದ್ದೇನೆ. ತುರ್ತು ಸಹಾಯದ ನಂಬರು 112ಕ್ಕೆ ಕರೆ ಮಾಡಿದವರು ಎಲ್ಲಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ, ಯಾವಾಗ ಗೊತ್ತಾಗುವುದಿಲ್ಲ ಅನ್ನುವುದು ವಿಷಯ. ಓದುವವರು ಆಟೋ ಓಡಿಸುವವರು, ಪಂಚಾಯ್ತಿಯ ನೀರುಗಂಟಿ, ಕಾಲೇಜು ಹುಡುಗರು. ಅದರಲ್ಲಿ ಒಂದು ಅಧ್ಯಾಯ, ಬೇರೆ ಬೇರೆ ಕಂಪನಿಗಳ ನೆಟ್‌ವರ್ಕುಗಳು ಮೊಬೈಲ್ ಎಲ್ಲಿದೆ ಅನ್ನುವುದನ್ನು ಒಂದಕ್ಕೊಂದು ಹೇಗೆ ದಾಟಿಸುತ್ತವೆ ಅನ್ನುವುದರ ಬಗ್ಗೆ.

ನನಗಿಂತ ಮುಂಚೆ ಯಾರೋ ಮಾಡಿದ ಕರಡಿನಲ್ಲಿ ಆ ಅಧ್ಯಾಯದ ಹೆಸರು ಹೀಗಿತ್ತು: ‘ಅಂತರಜಾಲ ಸ್ಥಳಾಧಾರಿತ ಸೇವೆಗಳ ಪರಸ್ಪರ ಕಾರ್ಯಸಾಧ್ಯತೆ’. ತಂಡದ ಆಟೋ ಅಣ್ಣನೊಬ್ಬನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, “ಇಂಟರ್ನೆಟ್ ಇದ್ರೆ ಇದು ಆಗುತ್ತೋ ಇಲ್ವೋ ಅಂತಾನಾ ಸಾರ್?” ಅಂದ. ಅವನ ತಪ್ಪೇನಿಲ್ಲ. ‘ಅಂತರಜಾಲ’ ಅಂದರೆ ಕಿವಿಗೆ ಇಂಟರ್ನೆಟ್ಟೇ. ‘ಕಾರ್ಯಸಾಧ್ಯತೆ’ ಅನ್ನುವ ಪದವನ್ನು ಹೊಸ ರೈಲು ಮಾರ್ಗದ ವರದಿಗಳು ಆಗಲೇ ಹಿಡಿದುಕೊಂಡಿವೆ. ಅಲ್ಲಿ ಅದಕ್ಕೆ ಅರ್ಥ, ಈ ಕೆಲಸ ಮಾಡಲು ಆಗುತ್ತದೋ ಇಲ್ಲವೋ ಅಂತ. ಅವನು ಪದಕ್ಕೆ ಪದ ಸರಿಯಾಗಿಯೇ ಓದಿದ್ದ.

ಮೊದಲು ನನಗೆ ಹೊಳೆದದ್ದು ‘ಹೊಂದಾಣಿಕೆ’. ಸುಲಭದ ಪದ, ಎಲ್ಲರಿಗೂ ಗೊತ್ತು. ಆದರೆ ಚಾರ್ಜರಿನ ಪಿನ್ನು ಫೋನಿಗೆ ಕೂತರೆ ಅದೂ ಹೊಂದಾಣಿಕೆ. ಚುನಾವಣೆಯಲ್ಲಿ ಸೀಟು ಹಂಚಿಕೊಂಡರೆ ಅದೂ ಹೊಂದಾಣಿಕೆ. ಗಂಡ ಹೆಂಡತಿ ಜಗಳ ಬಿಟ್ಟರೆ ಅದಂತೂ ಹೊಂದಾಣಿಕೆಯೇ. ನಮ್ಮ ವಿಷಯಕ್ಕೆ ಇದು ಸಡಿಲ ಅಂಗಿ ಆಗುತ್ತದೆ.

ಹೀಗೇ ತಲೆ ಕೆರೆದುಕೊಳ್ಳುತ್ತಿದ್ದಾಗ ಊರಿಗೆ ಹೋಗಿದ್ದೆ. ನಾಗಮಂಗಲದ ಕಡೆ ನಮ್ಮೂರು. ರಾಗಿ ಕುಯ್ಲಿನ ಹೊತ್ತು. ಜಗುಲಿಯ ಮೇಲೆ ಕೂತು ಚಿಕ್ಕಪ್ಪನಿಗೆ ಇದನ್ನೇ ಬಿಡಿಸಿ ಹೇಳಿದೆ. ಒಂದು ಕಂಪನಿಯ ಸಿಮ್ಮು ಇನ್ನೊಂದು ಕಂಪನಿಯ ಟವರ್ ಇರುವ ಕಡೆ ಹೋಗುತ್ತದೆ, ಅವರು ಇವರ ಗಿರಾಕಿಗೆ ಕೆಲಸ ಮಾಡಿಕೊಡುತ್ತಾರೆ, ಇವರು ಅವರ ಗಿರಾಕಿಗೆ ಮಾಡಿಕೊಡುತ್ತಾರೆ ಅಂತ.

“ಅದೇನ್ ದೊಡ್ಡ ವಿಷ್ಯ ಕಣ್ಲಾ, ಮುಯ್ಯಾಳು ತಾನೆ? ಇವತ್ತು ಅವರ ಹೊಲಕ್ಕೆ ನಮ್ಮನೆಯಿಂದ ಮೂರಾಳು. ನಾಡಿದ್ದು ನಮ್ಮ ಹೊಲಕ್ಕೆ ಅವರ ಮನೆಯಿಂದ ಮೂರಾಳು. ಅಷ್ಟೇಯ.”

“ಅವರು ನಮ್ಮ ಹೊಲಕ್ಕೆ ಬಂದ್ರೆ ಕುಡುಗೋಲು ಯಾರದು ಚಿಕ್ಕಪ್ಪ?”

“ಅವರದೇ ತತ್ತಾರೆ. ಕುಡುಗೋಲು ಎಲ್ಲಾ ಕಡೆ ಒಂದೇ ಅಲ್ವಾ?”

ಮೊಬೈಲಿನವರ ತಾಪತ್ರಯ ಇದ್ದದ್ದು ಅಲ್ಲೇ. ಅವರ ಕುಡುಗೋಲು ಎಲ್ಲಾ ಕಡೆ ಒಂದೇ ಇರಲಿಲ್ಲ.

ಹಳೆಯ ಕತೆ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಫೆಡರಲ್ ಕಮ್ಯುನಿಕೇಶನ್ಸ್ ಕಮಿಷನ್ 1996ರಲ್ಲಿ ಒಂದು ಆದೇಶ ಹೊರಡಿಸಿತು. ಮೊಬೈಲಿನಿಂದ ಅಲ್ಲಿನ ತುರ್ತು ನಂಬರು 911ಕ್ಕೆ ಕರೆ ಬಂದರೆ ಆ ಮೊಬೈಲ್ ಎಲ್ಲಿದೆ ಅಂತ ಕಂಪನಿಗಳು ಹೇಳಲೇಬೇಕು. ಯಾವ ಟವರಿನಿಂದ ಬಂತು ಅಂತ ಮೊದಲು, ಸರಿಯಾದ ಜಾಗ ಆಮೇಲೆ. ಆ ಎರಡನೆಯ ಹಂತಕ್ಕೆ ಕೊಟ್ಟ ಗಡುವು 2001ರ ಅಕ್ಟೋಬರ್. ಈ ಒತ್ತಡದಲ್ಲಿ ಎಲ್ಲರೂ ಅವರವರ ದಾರಿ ಹುಡುಕಿಕೊಂಡರು. ಜಿಎಸ್ಎಂ ಅನ್ನುವ ಬಗೆಯ ಮೊಬೈಲ್ ಜಾಲದಲ್ಲಿ ಹೊರಗಿನವರಿಗೆ ಜಾಗ ಹೇಳುವ ಯಂತ್ರಕ್ಕೆ ‘ಗೇಟ್‌ವೇ ಮೊಬೈಲ್ ಲೊಕೇಶನ್ ಸೆಂಟರ್’ ಅಂತ ಹೆಸರು. ಅಮೆರಿಕದ ಸಿಡಿಎಂಎ ಅನ್ನುವ ಇನ್ನೊಂದು ಬಗೆಯ ಜಾಲದಲ್ಲಿ ಅದೇ ಕೆಲಸದ ಯಂತ್ರಕ್ಕೆ ‘ಮೊಬೈಲ್ ಪೊಸಿಷನಿಂಗ್ ಸೆಂಟರ್’. ಹೆಸರು ಬೇರೆ ಆದರೆ ಸಹಿಸಿಕೊಳ್ಳಬಹುದು. ಪ್ರಶ್ನೆ ಕೇಳುವ ರೀತಿ, ಉತ್ತರ ಕೊಡುವ ರೀತಿಯೂ ಬೇರೆ ಬೇರೆ ಆಗಿತ್ತು. 2000ದ ಸೆಪ್ಟೆಂಬರಿನಲ್ಲಿ ಎರಿಕ್ಸನ್, ಮೊಟೊರೋಲಾ, ನೋಕಿಯಾ ಸೇರಿ ‘ಲೊಕೇಶನ್ ಇಂಟರ್‌ಆಪರೆಬಿಲಿಟಿ ಫೋರಂ’ ಕಟ್ಟಿದ್ದು ಇದಕ್ಕೇ. ಒಳಗೆ ಯಾವ ಜಾಲವಾದರೂ ಇರಲಿ, ಹೊರಗಿನಿಂದ ಕೇಳುವವರು ಒಂದೇ ರೀತಿ ಕೇಳಬೇಕು, ಒಂದೇ ರೀತಿ ಉತ್ತರ ಸಿಗಬೇಕು. ಅದಕ್ಕೆ ಅವರು ಮಾಡಿದ ಕಟ್ಟಳೆ ‘ಮೊಬೈಲ್ ಲೊಕೇಶನ್ ಪ್ರೋಟೋಕಾಲ್’. ಆ ಕೂಟ ಆಮೇಲೆ ‘ಓಪನ್ ಮೊಬೈಲ್ ಅಲಯನ್ಸ್’ ಅನ್ನುವ ಇನ್ನೂ ದೊಡ್ಡ ಕೂಟದ ಒಳಗೆ ಸೇರಿಹೋಯಿತು. ಕಟ್ಟಳೆ ಉಳಿಯಿತು.

ಚಿಕ್ಕಪ್ಪನ ಮಾತಿನಲ್ಲಿ ಹೇಳಿದರೆ, ಇದು ಎಲ್ಲರೂ ಕೂತು ಒಂದೇ ಥರದ ಕುಡುಗೋಲು ಮಾಡಿಸಿಕೊಂಡ ಕತೆ.

ಹಾಗಾಗಿ ನನ್ನ ಈಗಿನ ಅನಿಸಿಕೆ ಇದು. ಇಂಟರ್‌ಆಪರೆಬಿಲಿಟಿ ಅನ್ನುವ ಒಂದು ಪದದೊಳಗೆ ಎರಡು ಸಂಗತಿ ಇವೆ. ಒಂದು, ನಿನ್ನ ಕೆಲಸಕ್ಕೆ ನಾನು, ನನ್ನ ಕೆಲಸಕ್ಕೆ ನೀನು ಅನ್ನುವ ಒಪ್ಪಂದ. ಇನ್ನೊಂದು, ಇಬ್ಬರ ಹತಾರವೂ ಅಳತೆಯೂ ಒಂದೇ ಇರುವುದು. ಇಂಗ್ಲಿಷಿನವರು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ ಅಂತ ನಾವೂ ಒಂದೇ ಚೀಲ ಹೊಲಿಯಬೇಕಾ? ಮೊದಲನೆಯದಕ್ಕೆ ‘ಮುಯ್ಯಿ’, ಎರಡನೆಯದಕ್ಕೆ ‘ಒಂದಳತೆ’ ಅಂತ ಇಟ್ಟು ನೋಡಿದೆ. ಸಮಾಧಾನ ಆಯಿತು, ಆದರೆ ಅರ್ಧ ಮಾತ್ರ.

ಯಾಕೆಂದರೆ ಮುಯ್ಯಿಗೆ ಇನ್ನೊಂದು ಮುಖ ಇದೆ. ‘ಮುಯ್ಯಿ ತೀರಿಸಿಕೊಂಡ’ ಅಂದರೆ ಸೇಡು ತೀರಿಸಿಕೊಂಡ. ‘ಮುಯ್ಯಿಗೆ ಮುಯ್ಯಿ’ ಅಂದರೆ ಏಟಿಗೆ ಏಟು. ಎರಡು ಮೊಬೈಲ್ ಕಂಪನಿಗಳ ನಡುವೆ ಮುಯ್ಯಿ ಇದೆ ಅಂತ ಬರೆದರೆ ಓದುಗ ಏನಂದುಕೊಳ್ಳುತ್ತಾನೋ! ಆದರೂ ಮದುವೆ ಮನೆಯ ಮುಯ್ಯಿ ರೋಮಿಂಗಿಗೆ (ಬೇರೆ ಕಂಪನಿಯ ಟವರ್ ಬಳಸುವುದಕ್ಕೆ) ಹೇಳಿಮಾಡಿಸಿದ ಹಾಗಿದೆ. ಚಪ್ಪರದಲ್ಲಿ ಒಬ್ಬ ಪುಸ್ತಕ ಹಿಡಿದು ಕೂತು ಯಾರು ಎಷ್ಟು ಕೊಟ್ಟರು ಅಂತ ಬರೆಯುತ್ತಾನಲ್ಲ, ರೋಮಿಂಗ್ ಕರೆಗಳಿಗೂ ಕಂಪನಿಗಳು ಹಾಗೇ ಒಬ್ಬರದೊಬ್ಬರು ಲೆಕ್ಕ ಬರೆದು ಕಳಿಸಿಕೊಳ್ಳುತ್ತವೆ. ಆ ಕಡತಕ್ಕೆ ಅವರು ‘ಟ್ಯಾಪ್ ಫೈಲ್’ ಅನ್ನುತ್ತಾರೆ. ಮುಯ್ಯಿ ಪುಸ್ತಕ ಅನ್ನಲು ನನಗೇನೂ ಅಡ್ಡಿಯಿಲ್ಲ.

ಇನ್ನೊಂದು ಜೋಡಿ ಪದ ಇದಕ್ಕಿಂತ ಸಲೀಸಾಗಿ ಕೂತಿತು. ಮೊಬೈಲು ತನ್ನ ಕಂಪನಿಯ ಜಾಲ ಬಿಟ್ಟು ಹೊರಗೆ ಹೋದಾಗ ಮೂರು ಕಡೆಯವರು ಸೇರುತ್ತಾರೆ. ಎಲ್ಲಿದ್ದಾನೆ ಅಂತ ಕೇಳುವವರು ಒಬ್ಬರು, ಸಿಮ್ಮಿನ ಸ್ವಂತ ಜಾಲ ಒಂದು, ಈಗ ಹೋಗಿ ಸೇರಿರುವ ಜಾಲ ಇನ್ನೊಂದು. ಸ್ವಂತ ಜಾಲಕ್ಕೆ ‘ತವರು ಜಾಲ’ ಅಂದೆ. ಹೋಗಿ ಸೇರಿದ್ದಕ್ಕೆ ‘ನೆಂಟರ ಜಾಲ’. ಚಿಕ್ಕಮ್ಮ ತಕ್ಷಣ, “ತವರು ಹೆಣ್ಮಕ್ಕಳಿಗೆ ಕಣಪ್ಪ, ಸಿಮ್ಮಿಗೆ ಎಲ್ಲಿಂದ ಬಂತು?” ಅಂದರು. ಆದರೆ ಪತ್ರಿಕೆಗಳು ಕ್ರಿಕೆಟ್ ತಂಡಕ್ಕೇ ತವರಿನಂಗಳ ಕೊಟ್ಟಿವೆ, ಮಂತ್ರಿಗಳಿಗೆ ತವರು ಜಿಲ್ಲೆ ಕೊಟ್ಟಿವೆ. ಸಿಮ್ಮಿಗೂ ಕೊಡಬಹುದು ಅಲ್ವಾ?

ಕೊಟ್ಟ ಮೇಲೆ ವಿವರಣೆ ತಾನಾಗಿಯೇ ಕನ್ನಡದಲ್ಲಿ ಬಂತು. ಯಾರೋ ಹೊರಗಿನವರು ‘ಈ ನಂಬರು ಎಲ್ಲಿದೆ’ ಅಂತ ಕೇಳಿದರೆ, ಹೇಳಬಹುದೋ ಬೇಡವೋ ಅಂತ ನೋಡುವುದು ತವರು. ತವರು ಒಪ್ಪಿದರೆ ನೆಂಟರ ಜಾಲಕ್ಕೆ ಪ್ರಶ್ನೆ ಹೋಗುತ್ತದೆ. ಆ ಪ್ರಶ್ನೆ ಉತ್ತರಗಳಿಗೇ ‘ರೋಮಿಂಗ್ ಲೊಕೇಶನ್ ಪ್ರೋಟೋಕಾಲ್’ ಅಂತ ಬೇರೆ ಕಟ್ಟಳೆ ಇದೆ. ತುರ್ತು ಕರೆಯಲ್ಲಿ ಮಾತ್ರ ತವರಿನ ಅಪ್ಪಣೆಗೆ ಕಾಯುವ ಹಾಗಿಲ್ಲ. ನೆಂಟರೇ ನೇರವಾಗಿ ಹೇಳಿಬಿಡಬೇಕು. ಘಾಟಿಯಲ್ಲಿ ಫೋನಿನ ಮೇಲೆ ‘ತುರ್ತು ಕರೆಗಳು ಮಾತ್ರ’ ಅಂತ ಬಂದಾಗ ಆಗುವುದು ಇದೇ. ನಿಮ್ಮ ಕಂಪನಿಯ ಟವರ್ ಇಲ್ಲ, ಬೇರೆಯವರದು ಇದೆ. 112 ಒತ್ತಿದರೆ ಫೋನು ಸಿಕ್ಕಿದ ಟವರನ್ನು ಹಿಡಿಯುತ್ತದೆ. ತವರಿಗೆ ಸುದ್ದಿಯೇ ಇರುವುದಿಲ್ಲ.

ವಿದೇಶಕ್ಕೆ ಹೋದ ನಮ್ಮವರಿಗೆ ಇಲ್ಲೊಂದು ತೊಡಕಿದೆ. 2014ರಲ್ಲಿ ಬ್ರಿಟನ್ನಿನಲ್ಲಿ ‘ಅಡ್ವಾನ್ಸ್‌ಡ್ ಮೊಬೈಲ್ ಲೊಕೇಶನ್’ ಶುರುವಾಯಿತು. ತುರ್ತು ಕರೆ ಮಾಡಿದ ಕೂಡಲೇ ಫೋನು ತಾನೇ ಜಿಪಿಎಸ್, ವೈಫೈ ಚಾಲೂ ಮಾಡಿಕೊಂಡು ತಾನಿರುವ ಜಾಗವನ್ನು ಒಂದು ಎಸ್ಸೆಮ್ಮೆಸ್ಸಿನಲ್ಲಿ ಕಳಿಸುತ್ತದೆ. ಆದರೆ ಊರಿನ ಸಿಮ್ ಹಾಕಿಕೊಂಡು ಅಲ್ಲಿಗೆ ಹೋದವರು 112ಕ್ಕೆ ಮಾಡಿದರೆ, ಮಾತು ಅಲ್ಲಿಯವರಿಗೇ ಕೇಳುತ್ತದೆ, ಎಸ್ಸೆಮ್ಮೆಸ್ ಮಾತ್ರ ತವರಿಗೆ ಬಂದು ಹೋಗಬೇಕು. ಎಸ್ಸೆಮ್ಮೆಸ್ ತಲುಪಬೇಕಾದ ಅಲ್ಲಿನ ಗಿಡ್ಡ ನಂಬರು ತವರಿಗೆ ಗೊತ್ತಿರದಿದ್ದರೆ ಅದು ಅಲ್ಲೇ ಕಳೆದುಹೋಗುತ್ತದೆ. ಪುಸ್ತಿಕೆಯ ಮೂಲದಲ್ಲಿ ಇದಕ್ಕೆ ಅರ್ಧ ಪುಟ ಹಿಡಿದಿದೆ. ತವರು, ನೆಂಟರು ಅಂತ ಇಟ್ಟುಕೊಂಡಿದ್ದಕ್ಕೆ ನನಗೆ ನಾಲ್ಕು ಸಾಲಿನಲ್ಲಿ ಮುಗಿಯಿತು.

ಇನ್ನು ‘ಲೊಕೇಶನ್’. ಮಾತಿನಲ್ಲಿ ಎಲ್ಲರೂ ‘ಲೊಕೇಶನ್ ಹಾಕಿ’ ಅಂತಾರೆ. ಫೋನಿನ ಕನ್ನಡ ಸೆಟ್ಟಿಂಗಿನಲ್ಲಿ ‘ಸ್ಥಳ’ ಅಂತಿದೆ. ‘ನೆಲೆ’ ಚೆಂದದ ಪದ, ಆದರೆ ನೆಲೆ ಅಂದರೆ ನಿಂತದ್ದು. ಓಡುವ ಬಸ್ಸಿನಲ್ಲಿರುವ ಫೋನಿಗೆ ಎಲ್ಲಿಯ ನೆಲೆ? ‘ಪತ್ತೆ’ ಅನ್ನಬಹುದು, ಆದರೆ ಪೊಲೀಸರ ವಾಸನೆ ಜಾಸ್ತಿ. ಇದರಲ್ಲಿ ನನಗೆ ಹಟ ಇಲ್ಲ. ಪುಸ್ತಿಕೆಯಲ್ಲಿ ಲೊಕೇಶನ್ ಅಂತಲೇ ಬಿಟ್ಟಿದ್ದೇನೆ, ನಡುನಡುವೆ ‘ಜಾಗ’.

ಹೆಚ್ಚು ತಲೆಕೆಡಿಸಿದ್ದು ‘ಆಕ್ಯುರಸಿ’, ಅಂದರೆ ಹೇಳಿದ ಜಾಗ ಎಷ್ಟು ಸರಿ ಅನ್ನುವುದು. ‘ನಿಖರತೆ’ ಅಂತ ಬರೆದೆ, ಆಮೇಲೆ ಹೊಡೆದುಹಾಕಿದೆ. ಈ ಯಂತ್ರಗಳು ಯಾವತ್ತೂ ನಿಖರವಾಗಿ ಹೇಳುವುದಿಲ್ಲ. ಉತ್ತರದಲ್ಲಿ ಬರುವುದು ಒಂದು ಚುಕ್ಕೆ, ಅದರ ಸುತ್ತ ಒಂದು ವೃತ್ತ. ಅಮೆರಿಕದ 1999ರ ನಿಯಮವೇ ನೋಡಿ: ಫೋನಿನ ಒಳಗಿನ ಉಪಕರಣದಿಂದ ಹುಡುಕುವುದಾದರೆ, 100ರಲ್ಲಿ 67 ಕರೆಗಳು 50 ಮೀಟರಿನೊಳಗೆ, 95 ಕರೆಗಳು 150 ಮೀಟರಿನೊಳಗೆ ಸಿಗಬೇಕಿತ್ತು. ಜಾಲದ ಕಡೆಯಿಂದ ಹುಡುಕಿದರೆ ಇದರ ಎರಡು ಪಟ್ಟು ಸಡಿಲ, 100 ಮತ್ತು 300 ಮೀಟರ್. ಹಳೇ ಜಿಎಸ್ಎಂ ಟವರಿನ ಲೆಕ್ಕದಲ್ಲಂತೂ ವೃತ್ತವೂ ಬರುವುದಿಲ್ಲ. ಟವರಿನಿಂದ ಫೋನು ಎಷ್ಟು ದೂರ ಅನ್ನುವುದು ಸುಮಾರು 550 ಮೀಟರಿನ ಮೆಟ್ಟಿಲು ಮೆಟ್ಟಿಲಾಗಿ ಗೊತ್ತಾಗುತ್ತದೆ, ಯಾವ ದಿಕ್ಕಿನ ಆಂಟೆನಾ ಅನ್ನುವುದು ಗೊತ್ತಾಗುತ್ತದೆ. ಎರಡನ್ನೂ ಕೂಡಿಸಿ ನಕ್ಷೆಯ ಮೇಲೆ ಬರೆದರೆ ಅಗಲವಾದ ಬಳೆಚೂರಿನ ಹಾಗೆ ಕಾಣುತ್ತದೆ. ಆ ಆಕಾರದ ಇಂಗ್ಲಿಷ್ ಹೆಸರನ್ನು ಬಿಟ್ಟು ‘ಬಳೆಚೂರು’ ಅಂತಲೇ ಬರೆದೆ. ಹುಡುಗರಿಗೆ ಕೂಡಲೇ ಅರ್ಥವಾಯಿತು. ‘ಆಕ್ಯುರಸಿ’ಗೆ ಇಟ್ಟದ್ದು ‘ಆಸುಪಾಸು’. ‘ಆಸುಪಾಸು 150 ಮೀಟರ್’ ಅಂದರೆ ಅಷ್ಟು ದೂರದ ತನಕ ಹುಡುಕಬೇಕು ಅಂತ ಅವರಿಗೆ ತಾನಾಗಿಯೇ ಹೊಳೆಯುತ್ತದೆ. ‘ನಿಖರತೆ 150 ಮೀಟರ್’ ಅಂದಾಗ ಒಬ್ಬ ಹುಡುಗ 150 ಮೀಟರ್ ಅಳೆದು ನಿಲ್ಲಬೇಕಾ ಅಂತ ಕೇಳಿದ್ದ.

ಒಂದಳತೆ ಯಾಕೆ ಬೇಕು ಅನ್ನುವುದಕ್ಕೂ ಇಲ್ಲೇ ಉದಾಹರಣೆ ಸಿಕ್ಕಿತು. ಮೈಸೂರು ಅರಮನೆ ಇರುವುದು ಸುಮಾರು 12 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವದಲ್ಲಿ. ಕಳಿಸುವವರು ಉತ್ತರದ ಅಂಕಿಯನ್ನು ಮೊದಲು ಬರೆದು, ಓದುವವರು ಪೂರ್ವದ ಅಂಕಿ ಮೊದಲು ಅಂದುಕೊಂಡರೆ ಅರಮನೆ ನಾರ್ವೆಗೂ ಉತ್ತರದ ಮಂಜಿನ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಮುಯ್ಯಾಳು ಹೊತ್ತಿಗೆ ಸರಿಯಾಗಿ ಬಂದ, ಕುಡುಗೋಲಿನ ಬದಲು ಗುದ್ದಲಿ ತಂದ.

ಈಗ ನನ್ನ ಪ್ರಶ್ನೆಗಳು. ನಿಮ್ಮ ಕಡೆ ಮುಯ್ಯಾಳಿಗೆ ಏನಂತೀರಿ? ಮಲೆನಾಡಿನಲ್ಲಿ ‘ಮುರಿಯಾಳು’ ಅಂತ ಕೇಳಿದ್ದೇನೆ. ಸೇಡಿನ ನೆರಳಿಲ್ಲದ ಪದ ಯಾವ ಜಿಲ್ಲೆಯಲ್ಲಾದರೂ ಬಳಕೆಯಲ್ಲಿದ್ದರೆ ಮುಯ್ಯಿಯನ್ನು ಇವತ್ತೇ ಬಿಟ್ಟುಬಿಡುತ್ತೇನೆ. ‘ಕೊಡುಕೊಳ್ಳುವಿಕೆ’ ಅಂತ ಒಬ್ಬರು ಸೂಚಿಸಿದರು. ನನಗೆ ಅದು ಸಾಲಸೋಲದ ಹಾಗೆ ಕೇಳುತ್ತದೆ, ನಿಮಗೆ? ‘ಒಂದಳತೆ’ ತೀರಾ ಕಟ್ಟಿದ ಪದ ಅನ್ನಿಸುತ್ತದೆಯಾ? ಮತ್ತೆ, ಅಧ್ಯಾಯಕ್ಕೆ ಹೆಸರೇ ಬೇಡ, ‘ಒಬ್ಬರ ಫೋನನ್ನು ಇನ್ನೊಬ್ಬರ ಟವರು ಹುಡುಕಿಕೊಡುವುದು ಹೇಗೆ?’ ಅಂತ ಪ್ರಶ್ನೆಯನ್ನೇ ತಲೆಬರಹ ಮಾಡಿದರೆ ಹೇಗೆ ಅಂತಲೂ ಯೋಚನೆ ಇದೆ.

ಕರಡು ಮುಂದಿನ ಸೋಮವಾರ ಅಚ್ಚಿಗೆ ಹೋಗಬೇಕು. ಆಟೋ ಅಣ್ಣನಿಗೆ ಭಾನುವಾರ ಮತ್ತೆ ಓದಿ ಹೇಳುತ್ತೇನೆ ಅಂದಿದ್ದೇನೆ.